ಪಕ್ಕದ ಮನೆಯ ಬಿಸಿಲು ಯಾರದು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ಪಕ್ಕದಲ್ಲಿ ಇನ್ನೊಬ್ಬರು ಕಟ್ಟುವುದನ್ನು ನೋಡುತ್ತ ಕೂರುವ ಕಷ್ಟವನ್ನು ಅವರು ಹೇಳಲಿಲ್ಲ. ಅವರ ಕಾಲದಲ್ಲಿ ಪಕ್ಕದ ಮನೆ ಎಂದರೆ ಹೆಚ್ಚೆಂದರೆ ಒಂದು ಮಹಡಿ. ಇಂದು ನಮ್ಮ ಲಿಂಗಂಪಲ್ಲಿಯಿಂದ ನಲ್ಲಗಂಡ್ಲ, ತೆಲ್ಲಾಪುರದ ಕಡೆಗೆ ಕಣ್ಣು ಹಾಯಿಸಿದರೆ ಆಕಾಶಕ್ಕಿಂತ ಕ್ರೇನುಗಳೇ ಹೆಚ್ಚು ಕಾಣುತ್ತವೆ. ಎತ್ತರದ ಕಟ್ಟಡಗಳಿಗೆ ನಿಯಮ ಸಡಿಲಿಸುವಾಗ ನೆರೆಯವರ ಹಕ್ಕು ಏನಾಗುತ್ತದೆ ಎಂಬ ಪ್ರಶ್ನೆ ನಮ್ಮ ಮಹಿಳೆಯರ ಮಾತುಕತೆಯಲ್ಲಿ ಆಗಾಗ ಬರುತ್ತದೆ. ಅದರ ಇತಿಹಾಸವನ್ನು ನನಗೆ ತಿಳಿದಷ್ಟು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಲಿಂಗಂಪಲ್ಲಿ ಒಂದೇ ದಿನದಲ್ಲಿ ಬೆಳೆದ ಊರಲ್ಲ. 1960ರ ದಶಕದಲ್ಲಿ ರಾಮಚಂದ್ರಾಪುರದಲ್ಲಿ ಬಿಎಚ್‌ಇಎಲ್ ಕಾರ್ಖಾನೆ ಬಂತು. 1974ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1998ರಲ್ಲಿ ಮಾಧಾಪುರದಲ್ಲಿ ಸೈಬರ್ ಟವರ್ಸ್ ತೆರೆಯಿತು, 2003ರಲ್ಲಿ ಎಂಎಂಟಿಎಸ್ ರೈಲು ಓಡಿತು. 2007ರಲ್ಲಿ ಶೇರಿಲಿಂಗಂಪಲ್ಲಿ ಪುರಸಭೆ ಬೃಹತ್ ಹೈದರಾಬಾದ್ ಮಹಾನಗರಪಾಲಿಕೆಯೊಳಗೆ ಸೇರಿತು. ಬೀದರ್, ಕಲಬುರಗಿಯ ಕಡೆಯಿಂದ ಬಂದ ನಮ್ಮವರಿಗೆ ಇದು ಊರಿನ ದಾರಿಗೆ ಹತ್ತಿರದ ಜಾಗವೂ ಹೌದು. ಕೆಲಸ ಬಂದಲ್ಲಿ ಜನ, ಜನ ಬಂದಲ್ಲಿ ಮನೆ, ಜಾಗ ಸಾಲದೆಡೆ ಮಹಡಿ. ಇದರಲ್ಲಿ ತಪ್ಪೇನೂ ಇಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಅಂಥ ಮಹಡಿಗಳಲ್ಲೇ ಸುಖವಾಗಿದ್ದೇವೆ.

ಹಾಗಾದರೆ ನೆರೆಯವರಿಗೆ ಕಾನೂನಿನಲ್ಲಿ ಏನಿದೆ? ಮೊದಲು ಹಳೆಯದನ್ನು ನೋಡೋಣ. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ ಆರಂಭದಲ್ಲಿ ಜಾರಿಯಾದದ್ದು ಮದರಾಸು ಪ್ರಾಂತ, ಮಧ್ಯಪ್ರಾಂತ ಮತ್ತು ನಮ್ಮ ಕೊಡಗಿನಲ್ಲಿ. ಒಂದು ಕಟ್ಟಡಕ್ಕೆ ಗಾಳಿ ಬೆಳಕು 20 ವರ್ಷ ಅಡ್ಡಿಯಿಲ್ಲದೆ, ಹಕ್ಕೆಂಬಂತೆ ಬಂದಿದ್ದರೆ ಅದು ಆ ಮನೆಯ ಹಕ್ಕಾಗುತ್ತದೆ ಎನ್ನುತ್ತದೆ ಅದು. ಆದರೆ ಅದೇ ಕಾಯ್ದೆ ಖಾಲಿ ನೆಲಕ್ಕೆ ಬೀಳುವ ಬೆಳಕಿಗೆ ಈ ಹಕ್ಕನ್ನು ಕೊಡುವುದಿಲ್ಲ. ಅಂದರೆ ಅಡುಗೆಮನೆಯ ಕಿಟಕಿಗೆ ರಕ್ಷಣೆ ಸಿಕ್ಕೀತು, ಅಂಗಳದ ತುಳಸಿಕಟ್ಟೆಗೂ ಸಂಡಿಗೆ ಒಣಗಿಸುವ ಜಾಗಕ್ಕೂ ಸಿಗದು. ಮೇಲಾಗಿ 20 ವರ್ಷ ಕಾಯಬೇಕು. ಹೊಸ ಬಡಾವಣೆಯವರು ಅಷ್ಟು ವರ್ಷ ಎಲ್ಲಿಂದ ತರಬೇಕು?

ಆ ಕೊರತೆಯನ್ನು ತುಂಬುವುದು ನಗರ ಯೋಜನೆಯ ನಿಯಮಗಳು. ಇವುಗಳ ಹಿಂದೆ ದೊಡ್ಡ ದುಃಖದ ಕಥೆಗಳಿವೆ. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲ ರಸ್ತೆ, ಗಾಳಿ ಬೆಳಕುಗಳೊಂದಿಗೆ ಬೆಳೆದವು. 1908ರ ಮೂಸಿ ನದಿಯ ಪ್ರವಾಹದ ನಂತರ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಹೈದರಾಬಾದಿಗೆ ಬಂದು ಸಲಹೆ ಕೊಟ್ಟರು. 1912ರಲ್ಲಿ ಇಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಮನೆಗಳ ನಡುವಿನ ಜಾಗ ವ್ಯರ್ಥವಲ್ಲ, ಅದು ಆರೋಗ್ಯ ಎಂಬ ಪಾಠವನ್ನು ಎರಡೂ ನಗರಗಳು ಕಲಿತವು.

ಎತ್ತರದ ಕಟ್ಟಡದ ಪ್ರಶ್ನೆ ದೊಡ್ಡದಾಗಿ ಎದ್ದದ್ದು ನ್ಯೂಯಾರ್ಕಿನಲ್ಲಿ. 1915ರಲ್ಲಿ ಮುಗಿದ ಈಕ್ವಿಟೆಬಲ್ ಕಟ್ಟಡದ ನೆರಳು ಸುಮಾರು 7 ಎಕರೆಗೆ ಬೀಳುತ್ತಿತ್ತಂತೆ. ಮರುವರ್ಷವೇ ಆ ನಗರ ವಲಯ ನಿಯಮ ತಂದು, ಎತ್ತರ ಹೋದಂತೆ ಕಟ್ಟಡ ಹಿಂದೆ ಸರಿಯಬೇಕು ಎಂದಿತು. ನಿವೇಶನದ ಆಕಾರವೋ ಇಳಿಜಾರೋ ನಿಜಕ್ಕೂ ತೊಡಕಾದಾಗ ನಿಯಮ ಸಡಿಲಿಸಲು ಒಂದು ಮಂಡಳಿಯನ್ನೂ ಮಾಡಿತು. ಅಮೆರಿಕದಲ್ಲಿ ಬೆಳೆದ ಪದ್ಧತಿಯ ಪ್ರಕಾರ ಇಂಥ ಸಡಿಲಿಕೆಗೆ ಮೊದಲು ನೆರೆಯವರಿಗೆ ನೋಟಿಸು ಹೋಗುತ್ತದೆ, ಅವರ ಮಾತು ಕೇಳುತ್ತಾರೆ. ಹೆಚ್ಚು ಲಾಭ ಬರುತ್ತದೆ ಎಂಬುದಷ್ಟೇ ಕಾರಣವಾಗಲಾರದು.

ನಮ್ಮ ಕನ್ನಡ ನಾಡೂ ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದೆ ಎನ್ನಲು ನನಗೆ ಹೆಮ್ಮೆ. ಉಡುಪಿಯಲ್ಲಿ ವಾಸದ ಪ್ರದೇಶವೆಂದು ಯೋಜನೆಯಲ್ಲಿ ಗುರುತಾದ ಕಡೆ ಚಿತ್ರಮಂದಿರ ಕಟ್ಟಲು ಪುರಸಭೆ ಅನುಮತಿ ಕೊಟ್ಟಿತು. ನಿವಾಸಿ ಕೆ. ರಾಮದಾಸ ಶೆಣೈ ಪ್ರಶ್ನಿಸಿದರು. 1974ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಯೋಜನೆಯನ್ನು ಮೀರಿ ಅನುಮತಿ ಕೊಟ್ಟರೆ ಅಲ್ಲಿ ವಾಸಿಸುವವರ ಹಕ್ಕಿಗೆ ಧಕ್ಕೆ ಬರುತ್ತದೆ, ಅದನ್ನು ಕಾಪಾಡುವುದು ಪುರಸಭೆಯ ಕರ್ತವ್ಯ ಎಂದಿತು. ಮುಂದೆ ಎಷ್ಟೋ ಊರುಗಳ ನಿವಾಸಿಗಳಿಗೆ ಈ ತೀರ್ಪು ಆಸರೆಯಾಯಿತು.

ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಬಹುಮಹಡಿಗಳು ಏಳತೊಡಗಿದಾಗ ಅಲ್ಲಿನ ನಿವಾಸಿಗಳೂ ನ್ಯಾಯಾಲಯಕ್ಕೆ ಹೋದರು. ಯೋಜನೆಯ ನಿಯಮಗಳು ಸರಿಯಾಗಿ ಪ್ರಕಟವೇ ಆಗಿಲ್ಲ, ಆದ್ದರಿಂದ ನಮ್ಮನ್ನು ಕಟ್ಟಿಹಾಕವು ಎಂಬುದು ಕಟ್ಟುವವರ ವಾದ. 1987ರಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರ ಪೀಠ ಅದನ್ನು ಒಪ್ಪಲಿಲ್ಲ.

ಆದರೆ ಎಲ್ಲ ಸಲವೂ ನೆರೆಯವರು ಗೆದ್ದಿಲ್ಲ. ಕೋರಮಂಗಲದ ಒಂದು ಬಹುಮಹಡಿ ಕಟ್ಟಡದ ವಿರುದ್ಧ ನಿವಾಸಿಗಳ ಸಂಘ ಹೈಕೋರ್ಟಿನಲ್ಲಿ ಗೆದ್ದರೂ, 2005ರಲ್ಲಿ ಸುಪ್ರೀಂ ಕೋರ್ಟ್ ಕಟ್ಟಿದವರ ಪರ ತೀರ್ಪು ಕೊಟ್ಟಿತು. ದೂರು ತಡವಾಗಿ ಬಂತು ಎಂಬುದು ಅದಕ್ಕೆ ಒಂದು ಮುಖ್ಯ ಕಾರಣ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು ಎಂದಂತಾಯಿತು.

ಈಗ ನಮ್ಮ ಹೈದರಾಬಾದಿಗೆ ಬರೋಣ. ಬೇರೆ ನಗರಗಳಲ್ಲಿ ನಿವೇಶನದ ಅಳತೆಗೆ ಇಂತಿಷ್ಟೇ ಪಟ್ಟು ಕಟ್ಟಬಹುದು ಎಂಬ ಮಿತಿ ಇರುತ್ತದೆ. ಇಲ್ಲಿ 2006ರ ಕಟ್ಟಡ ನಿಯಮಗಳು ಆ ಮಿತಿಯನ್ನೇ ತೆಗೆದುಹಾಕಿದವು. 2012ರ ನಿಯಮಗಳೂ ಅದೇ ಹಾದಿ ಹಿಡಿದವು. ಎಷ್ಟು ಎತ್ತರ ಹೋಗಬಹುದು ಎಂಬುದನ್ನು ಮುಂದಿನ ರಸ್ತೆಯ ಅಗಲ ಮತ್ತು ಸುತ್ತ ಬಿಡುವ ಜಾಗ ತೀರ್ಮಾನಿಸುತ್ತವೆ. 2012ರ ಪಟ್ಟಿಯಂತೆ 21 ಮೀಟರ್ ಎತ್ತರಕ್ಕೆ 12 ಮೀಟರ್ ರಸ್ತೆ, ಸುತ್ತ 7 ಮೀಟರ್ ತೆರವು. 55 ಮೀಟರ್ ಎತ್ತರಕ್ಕೆ 30 ಮೀಟರ್ ರಸ್ತೆ, ಸುತ್ತ 16 ಮೀಟರ್. ಹಾಗಾಗಿ ನೆರೆಯವರಿಗೆ ಆ ತೆರವಿನ ಜಾಗ, ಅಂದರೆ ಸೆಟ್‌ಬ್ಯಾಕ್, ಬಹು ದೊಡ್ಡ ಆಸರೆ. ಅದನ್ನೇ ಸಡಿಲಿಸಿದರೆ ಎತ್ತರಕ್ಕೆ ಹಾಕಿದ ಕಡಿವಾಣವೂ ಸಡಿಲವಾದಂತೆ.

ಸಡಿಲಿಕೆಗೆ ನ್ಯಾಯವಾದ ಕಾರಣಗಳೂ ಇವೆ. ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ನಿಯಮವೇ ರಿಯಾಯಿತಿ ಕೊಡುತ್ತದೆ. ಊರಿಗಾಗಿ ನೆಲ ಬಿಟ್ಟವರ ಕೈ ಬರಿದಾಗಬಾರದು. ಆದರೆ ಯಾರಿಗೆ ರಿಯಾಯಿತಿ ಕೊಟ್ಟರೂ ಅದರ ಬೆಲೆ ಸರ್ಕಾರದ ಖಜಾನೆಯಿಂದ ಹೋಗುವುದಿಲ್ಲ. ಪಕ್ಕದ ಮನೆಯ ಗಾಳಿ, ಬೆಳಕು, ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ತಿರುಗುವ ಜಾಗ, ಇವುಗಳಿಂದ ಹೋಗುತ್ತದೆ. ಬೆಲೆ ತೆರುವವರನ್ನು ಒಂದು ಮಾತು ಕೇಳಬೇಡವೇ? ಭೂಬಳಕೆ ಬದಲಿಸುವಾಗ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ. ಸೆಟ್‌ಬ್ಯಾಕ್ ಸಡಿಲಿಸುವಾಗಲೂ ಅಕ್ಕಪಕ್ಕದವರಿಗೆ ನೋಟಿಸು ಹೋಗಬೇಕು ಎಂಬುದು ನನ್ನ ಅಭಿಪ್ರಾಯ.

ಕೇಳದೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ನೋಯ್ಡಾದಲ್ಲಿ ದೇಶವೇ ನೋಡಿತು. ಎರಡು ಗೋಪುರಗಳನ್ನು ಪಕ್ಕದ ಕಟ್ಟಡಕ್ಕೆ ತೀರಾ ಹತ್ತಿರ, ಅಲ್ಲಿನ ನಿವಾಸಿಗಳ ಒಪ್ಪಿಗೆಯಿಲ್ಲದೆ ಕಟ್ಟಿದ್ದರು. ನಿವಾಸಿಗಳು 2012ರಲ್ಲಿ ಹೈಕೋರ್ಟಿಗೆ ಹೋದರು, 2021ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು, 2022ರ ಆಗಸ್ಟ್ 28ರಂದು ಗೋಪುರಗಳು ನೆಲಕಚ್ಚಿದವು. ಗೆಲುವು ನಿಜ, ಆದರೆ ಹತ್ತು ವರ್ಷ! ಅಲ್ಲಿ ಮನೆ ಕೊಳ್ಳಲು ಹಣ ಕಟ್ಟಿದವರೂ ನಮ್ಮಂಥ ಸಂಸಾರಸ್ಥರೇ.

ಗೆಳತಿಯರೇ, ಪಕ್ಕದ ನಿವೇಶನದಲ್ಲಿ ಪಾಯ ತೋಡುವ ಯಂತ್ರ ಬಂದ ದಿನವೇ ಮಂಜೂರಾದ ನಕ್ಷೆ ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆ ಅದಕ್ಕೆಂದೇ ಇದೆ. ರಸ್ತೆಯ ಅಗಲ, ಎತ್ತರ, ಸುತ್ತ ಬಿಟ್ಟ ಜಾಗ, ಈ ಮೂರನ್ನು ನಕ್ಷೆಯಲ್ಲಿ ನೋಡಿ, ಟೇಪು ಹಿಡಿದು ಅಳೆಯಿರಿ. ತಪ್ಪು ಕಂಡರೆ ಅಪಾರ್ಟ್‌ಮೆಂಟಿನ ಸಂಘದ ಹೆಸರಿನಲ್ಲಿ ಲಿಖಿತವಾಗಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಾವು ಫ್ಲ್ಯಾಟು ಕೊಳ್ಳುವಾಗಲೂ ಇದೇ ಮೂರು ಅಳತೆ ಕೇಳೋಣ. ನಮ್ಮ ಬಾಲ್ಕನಿಯೂ ಇನ್ನೊಬ್ಬರ ಬಿಸಿಲಿಗೆ ಅಡ್ಡ ನಿಂತಿರಬಾರದಲ್ಲವೇ?