ಶಿಲಾಲಿಪಿಯ ಪ್ರತಿಕೃತಿಯೂ ಯಂತ್ರದೃಷ್ಟಿಯೂ

ಶಾಸನದ ಪಾಠಶುದ್ಧಿಯು ಅದರ ಪ್ರತಿಕೃತಿಯ ಶುದ್ಧಿಯನ್ನು ಅವಲಂಬಿಸಿರುವುದೆಂಬುದು ಶಾಸನಾಭ್ಯಾಸಿಗಳಿಗೆ ವಿದಿತವೇ ಆಗಿದೆ. ಕಲ್ಲು ತನ್ನ ಊರಿನಲ್ಲಿಯೇ ನಿಲ್ಲುವುದು. ವಿದ್ವಾಂಸರು ಬಹುಮಟ್ಟಿಗೆ ಓದುವುದು ಅದರ ಪ್ರತಿಯನ್ನು. ಮೈಸೂರು ಸೀಮೆಯಲ್ಲಿ ಈ ಪ್ರತಿಗಳ ಕ್ರಮವು ಹೇಗೆ ಬದಲಾಯಿತು, ಚಿತ್ರಗಳಿಂದ ವಸ್ತುವಿನ ರೂಪವನ್ನು ಗಣಿಸುವ ಯಂತ್ರದೃಷ್ಟಿಯಿಂದ ಪಾಠಕನಿಗೆ ಲಭಿಸಿದುದೇನು, ಲಭಿಸದೆ ಉಳಿದುದೇನು ಎಂಬುದು ವಿಚಾರಾರ್ಹವಾಗಿದೆ.

೧೮೬೫ರಲ್ಲಿ ಮೇಜರ್ ಡಿಕ್ಸನ್ ಎಂಬುವರು ಈ ಸೀಮೆಯ ಅನೇಕ ಶಾಸನಗಳ ಛಾಯಾಚಿತ್ರಗಳನ್ನು ತೆಗೆದರು. ಬಿ. ಎಲ್. ರೈಸ್ ಅವರು ೧೮೭೯ರಲ್ಲಿ ಪ್ರಕಟಿಸಿದ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಗ್ರಂಥಕ್ಕೆ ಆ ಚಿತ್ರಗಳೇ ಮುಖ್ಯ ಆಧಾರ. ಆದರೆ ಒಂದೇ ದಿಕ್ಕಿನ ಬೆಳಕಿನ ಚಿತ್ರದಲ್ಲಿ ಕೊರೆದ ಗೆರೆಯೂ ಕಲ್ಲಿನ ಕಲೆಯೂ ಸಮನಾಗಿ ಕಪ್ಪೆನಿಸುವುದುಂಟು. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಕುಂಚದಿಂದ ತಟ್ಟಿ, ಮಸಿಯೊತ್ತಿ ತೆಗೆಯುವ ಪಡಿಯಚ್ಚು ಈ ದೋಷವನ್ನು ಬಹಳವಾಗಿ ಕಳೆಯಿತು.

೧೯೦೧ರಲ್ಲಿ ಹೊರಬಿದ್ದ ‘ಎಪಿಗ್ರಾಫಿಯ ಕರ್ನಾಟಿಕ’ದ ೬ನೆಯ ಸಂಪುಟದಲ್ಲಿ ಅಂದಿನ ಕಡೂರು ಜಿಲ್ಲೆಯ ಶಾಸನಗಳು ಸೇರಿದುವು. ಬಾಳಗಡಿಯನ್ನು ಒಳಗೊಂಡ ಕೊಪ್ಪದ ಸೀಮೆಯೂ ಶೃಂಗೇರಿಯೂ ಆ ಸಂಪುಟದ ವ್ಯಾಪ್ತಿಯಲ್ಲಿವೆ. ಕಿಗ್ಗದ ಆಳುಪರ ಪ್ರಾಚೀನ ಶಾಸನಗಳೂ, ಹರಿಹರನು ಸಹೋದರರೊಡನೆ ಭಾರತೀತೀರ್ಥರಿಗೆ ಭೂದಾನ ಮಾಡಿದ ೧೩೪೬ರ ಶೃಂಗೇರಿಯ ಶಾಸನವೂ ಅದರಲ್ಲಿವೆ. ಇಷ್ಟು ಉಪಕಾರಿಯಾದ ಪಡಿಯಚ್ಚಿಗೂ ಒಂದು ಮೇರೆಯುಂಟು. ಅದು ತಗ್ಗನ್ನು ಬಿಳಿದಾಗಿಯೂ ಉಬ್ಬನ್ನು ಕಪ್ಪಾಗಿಯೂ ತೋರಿಸುವುದಲ್ಲದೆ, ತಗ್ಗು ಎಷ್ಟು ಆಳವೆಂಬುದನ್ನು ಹೇಳಲಾರದು. ಮಲೆನಾಡಿನ ಮಳೆಗೆ ಸವೆದು ಹಾವಸೆ ಹಿಡಿದ ಕಲ್ಲಿನಲ್ಲಿ ಈ ಕೊರತೆಯು ಅಲ್ಪವಲ್ಲ.

ಸವೆದ ಅಕ್ಷರವನ್ನು ಪಕ್ಕದಿಂದ ಓರೆಯಾಗಿ ಬೆಳಕು ಹಿಡಿದು ನೋಡುವುದು ಪಾಠಕರ ರೂಢಿ. ಇದಕ್ಕೆ ಸಮಾನವಾದ ತತ್ತ್ವವನ್ನು ೧೯೮೦ರಲ್ಲಿ ರಾಬರ್ಟ್ ವುಡ್‌ಹ್ಯಾಮ್ ಅವರು ಗಣಿತಕ್ಕೆ ಅಳವಡಿಸಿದರು. ಕ್ಯಾಮೆರಾವನ್ನು ಕದಲಿಸದೆ, ಬೆಳಕಿನ ದಿಕ್ಕನ್ನು ಮಾತ್ರ ಬದಲಿಸಿ ತೆಗೆದ ಹಲವು ಚಿತ್ರಗಳಿಂದ, ವಸ್ತುವಿನ ಮೈ ಒಂದೊಂದು ಬಿಂದುವಿನಲ್ಲಿ ಯಾವ ಕಡೆಗೆ ವಾಲಿರುವುದೆಂಬುದನ್ನು ಗಣಿಸಬಹುದು. ಕಾರ್ಖಾನೆಗಳಲ್ಲಿ ಲೋಹದ ಮೈಯ ಗೀರುಗಳನ್ನು ಹುಡುಕಲು ಈ ಕ್ರಮವು ಬಳಕೆಗೆ ಬಂದಿದೆ. ೨೦೦೧ರಲ್ಲಿ ಟಾಮ್ ಮಾಲ್ಜ್‌ಬೆಂಡರ್ ಅವರೂ ಸಂಗಡಿಗರೂ ಗಣಕಚಿತ್ರಗಳಿಗಾಗಿ ರೂಪಿಸಿದ ಇಂತಹುದೇ ಕ್ರಮವು ಮೆಸೊಪೊಟೇಮಿಯದ ಮಣ್ಣಿನ ಫಲಕಗಳ ಓದಿಗೂ ಒದಗಿತು. ಇನ್ನೊಂದು ಬಗೆಯಲ್ಲಿ, ಬೆಳಕಿನ ಪಟ್ಟಿಗಳನ್ನು ವಸ್ತುವಿನ ಮೇಲೆ ಬೀರಿ, ಅವು ಬಾಗುವ ರೀತಿಯನ್ನು ಮತ್ತೊಂದು ಕೋನದಿಂದ ನೋಡಿ, ತ್ರಿಕೋಣಮಿತಿಯಿಂದ ಆಳವನ್ನು ಅಳೆಯುವರು. ಯಂತ್ರಭಾಗಗಳ ಅಳತೆಯನ್ನು ಪರೀಕ್ಷಿಸುವ ವಿಧಾನವೂ ಇದೇ.

ಕರ್ನಾಟಕದಲ್ಲಿ ಈ ವಿದ್ಯೆಯು ಶಾಸನಗಳಿಗೆ ವ್ಯಾಪಕವಾಗಿ ಸಂದುದು ಬೆಂಗಳೂರಿನ ಮಿಥಿಕ್ ಸೊಸೈಟಿಯ ಕಾರ್ಯದಿಂದ. ೧೯೦೯ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯು ೨೦೨೧ರಲ್ಲಿ ಬೆಂಗಳೂರು ಪ್ರದೇಶದ ಶಿಲಾಶಾಸನಗಳನ್ನು ಸ್ಕ್ಯಾನರಿನಿಂದ ಮೂರು ಆಯಾಮಗಳಲ್ಲಿ ದಾಖಲಿಸಲು ತೊಡಗಿತು. ಹೀಗೆ ದೊರೆತ ರೂಪವನ್ನು ಗಣಕದ ತೆರೆಯ ಮೇಲೆ ತಿರುಗಿಸಬಹುದು; ಕಲ್ಪಿತವಾದ ಬೆಳಕನ್ನು ಬೇಕಾದ ದಿಕ್ಕಿನಿಂದ ಬೀರಬಹುದು; ಕಲ್ಲಿನ ಬಣ್ಣವನ್ನು ತೆಗೆದುಹಾಕಿ ಕೊರೆತವನ್ನಷ್ಟೇ ನೋಡಬಹುದು.

ಆದರೂ ಯಂತ್ರವು ಕೊಡುವುದು ರೂಪವೇ ಹೊರತು ಪಾಠವಲ್ಲ. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ, ಅದು ಪ್ರತ್ಯಕ್ಷಕ್ಕೆ ನೆರವಾಗುವುದು, ಅನುಮಾನವು ಪಾಠಕನದೇ. ಪಕಾರವೋ ಷಕಾರವೋ ಎಂಬ ಸಂಶಯವು ಬಂದಲ್ಲಿ, ಒಳಗೆರೆಯ ಲೇಶವುಳಿದಿದ್ದರೆ ಆಳದ ಅಳತೆಯು ಅದನ್ನು ತೋರಿಸೀತು. ಗೆರೆಯು ಪೂರ್ಣವಾಗಿ ಅಳಿದಿದ್ದರೆ ವ್ಯಾಕರಣ, ಛಂದಸ್ಸು, ಅರ್ಥಸಂಗತಿಗಳೇ ಗತಿ.

ಇದರಿಂದ ಒಂದು ಕರ್ತವ್ಯವು ಸಿದ್ಧವಾಗುವುದು. ಹಿಂದಿನ ಸಂಪುಟಗಳಲ್ಲಿ ಬಹುಪಾಲು ಶಾಸನಗಳಿಗೆ ಅಚ್ಚಾದುದು ಸಂಪಾದಕರ ಪಾಠವೊಂದೇ. ಅದನ್ನು ಶಂಕಿಸುವವನು ಮತ್ತೆ ಕಲ್ಲಿನ ಬಳಿಗೇ ಹೋಗಬೇಕಾಗಿದ್ದಿತು. ಅಳೆದ ರೂಪವನ್ನೂ ಪಾಠದೊಡನೆ ಪ್ರಕಟಿಸಿದರೆ, ಸಾಕ್ಷ್ಯವು ಬೇರೆಯಾಗಿ, ನಿರ್ಣಯವು ಬೇರೆಯಾಗಿ ಉಳಿಯುವುವು. ಮುಂದಿನವರು ನಿರ್ಣಯವನ್ನು ತಿದ್ದಬಲ್ಲರು. ಆದರೆ ಅಳೆಯುವ ದಿನದಂದು ಕಲ್ಲಿನಲ್ಲಿ ಇಲ್ಲದ ಗೆರೆಯನ್ನು ಯಾವ ಯಂತ್ರವೂ ತಂದುಕೊಡಲಾರದು. ಆದುದರಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಂತಹ ಮಳೆಸೀಮೆಗಳಲ್ಲಿ ಬಯಲಿನಲ್ಲಿ ನಿಂತಿರುವ ಕಲ್ಲುಗಳಿಗೆ ಈ ಕಾರ್ಯವು ಮೊದಲು ಸಲ್ಲತಕ್ಕುದು.