ಚಹಾ ಬುತ್ತಿಯಾದ ಬಗೆ

ಮನೆಯಲ್ಲಿ ಮಾಡಿ ದಾರಿಗೆಂದು ಕಟ್ಟಿಕೊಂಡು ಹೋಗುವ ಆಹಾರವನ್ನು ಕನ್ನಡದಲ್ಲಿ ಬುತ್ತಿ ಎನ್ನುತ್ತಾರೆ. ಬಯಲಿನಲ್ಲಿ ಕುಳಿತು ಚಹಾ ಕುಡಿಯುವ ಅಭ್ಯಾಸ ಇಂಗ್ಲೆಂಡಿನಲ್ಲಿ 18ನೆಯ ಶತಮಾನದಲ್ಲೇ ಬೇರೂರಿತ್ತಾದರೂ, ಆ ಚಹಾ ಬುತ್ತಿಯಾಗಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. ಅಲ್ಲಿಯವರೆಗೆ ನೀರು ಕಾಯಿಸುವವರು, ಬಡಿಸುವವರು, ತಿಂಡಿ ಸುಡುವವರು ಎಲ್ಲರೂ ಬೇರೆಯವರಾಗಿದ್ದರು, ಕುಡಿಯುವವರು ದುಡ್ಡು ಕೊಟ್ಟು ಕುಳಿತುಕೊಳ್ಳುತ್ತಿದ್ದರು.

ಹಾಗೆ ಕುಳಿತುಕೊಳ್ಳುತ್ತಿದ್ದ ಜಾಗಗಳಿಗೆ ಚಹಾ ಉದ್ಯಾನಗಳೆಂದು ಹೆಸರು. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣ ದಡದ ವಾಕ್ಸ್‌ಹಾಲ್ ಉದ್ಯಾನವನ್ನು ಜೊನಾಥನ್ ಟೈಯರ್ಸ್ 1732ರಲ್ಲಿ ಹೊಸದಾಗಿ ಅಣಿಗೊಳಿಸಿ ತೆರೆದ ಮೇಲೆ ಬಹುಕಾಲ ಅದರ ಪ್ರವೇಶಧನ ಒಂದು ಶಿಲ್ಲಿಂಗ್ ಆಗಿದ್ದರೆ, ಹತ್ತು ವರ್ಷಗಳ ಅನಂತರ ಚೆಲ್ಸಿಯಲ್ಲಿ ಆರಂಭವಾದ ರ್‍ಯಾನೆಲಾ ಉದ್ಯಾನದಲ್ಲಿ ಅರ್ಧ ಕ್ರೌನ್, ಅಂದರೆ ಎರಡೂವರೆ ಶಿಲ್ಲಿಂಗ್ ತೆರಬೇಕಾಗಿತ್ತು; ಈ ಹಣದಲ್ಲೇ ಚಹಾ, ಕಾಫಿ ಮತ್ತು ಬೆಣ್ಣೆ ಹಚ್ಚಿದ ಬ್ರೆಡ್ ಸೇರಿರುತ್ತಿದ್ದವು. ಉದ್ಯಾನವೆಂಬ ಹೆಸರಿದ್ದರೂ ರ್‍ಯಾನೆಲಾದ ಮುಖ್ಯ ಆಕರ್ಷಣೆ ಒಳಗೆ ಸುಮಾರು 150 ಅಡಿ ವ್ಯಾಸವಿದ್ದ ರೊಟಂಡಾ ಎಂಬ ದುಂಡನೆಯ ಭವನವಾಗಿತ್ತು. ಜನ ಸಂಗೀತ ಕೇಳುತ್ತ ಅದರೊಳಗೆ ಸುತ್ತು ಹಾಕುತ್ತಿದ್ದರು. 1764ರಲ್ಲಿ ಎಂಟು ವರ್ಷದ ಮೊಟ್ಸಾರ್ಟ್ ಕೂಡ ರ್‍ಯಾನೆಲಾದಲ್ಲಿ ವಾದ್ಯ ನುಡಿಸಿದನು. ಹೊರಗಿನ ಗಾಳಿಯನ್ನು ಬಯಸಿ ಬಂದವರಿಗೆ ಛಾವಣಿ ಹೊದಿಸಿಕೊಟ್ಟ ಈ ಏರ್ಪಾಡು ವಿಚಿತ್ರವಾಗಿ ಕಂಡರೂ, ಇಂಗ್ಲೆಂಡಿನ ಮಳೆಯನ್ನು ನೆನೆದರೆ ವ್ಯಾಪಾರಿಯ ಜಾಣತನವೆಂದೇ ಹೇಳಬೇಕು.

ಇವೆರಡಕ್ಕಿಂತ ಅಗ್ಗವಾದ ಉದ್ಯಾನಗಳು ನಗರದ ಉತ್ತರದ ಅಂಚಿನಲ್ಲಿದ್ದವು. ಹೆಂಗಸರಿಗೆ ಗಿರಾಕಿಗಳಾಗಿ ಸಾಮಾನ್ಯವಾಗಿ ಪ್ರವೇಶವಿಲ್ಲದಿದ್ದ ಕಾಫಿಮನೆಗಳಂತಲ್ಲದೆ ಇಲ್ಲಿಗೆ ಇಡೀ ಸಂಸಾರವೇ ಬರಬಹುದಾಗಿತ್ತು. ತಿಂಡಿಯಿಂದಲೇ ಹೆಸರಾದ ಉದ್ಯಾನಗಳೂ ಇದ್ದವು: ಮ್ಯಾರಿಲಬೋನಿನಲ್ಲಿ ಮಾಲೀಕ ಟ್ರಸ್ಲರನ ಮಗಳು ಮಾಡುತ್ತಿದ್ದ ಒಣದ್ರಾಕ್ಷಿಯ ಕೇಕು, ಇಸ್ಲಿಂಗ್ಟನ್ನಿನ ವೈಟ್ ಕಾಂಡ್ಯುಯಿಟ್ ಹೌಸಿನ ಬ್ರೆಡ್ಡು ಜನರ ಬಾಯಲ್ಲಿದ್ದವು. ಇಷ್ಟಾದರೂ ಚಹಾ ದುಬಾರಿ ಸರಕಾಗಿಯೇ ಉಳಿದಿತ್ತು. 1784ರ ಕಾಯಿದೆ ಅದರ ಮೇಲಿನ ಸುಂಕವನ್ನು ಶೇ. 119ರಿಂದ ಶೇ. 12.5ಕ್ಕೆ ಇಳಿಸಿದ ಮೇಲೆ ಕಳ್ಳಸಾಗಣೆಯ ಲಾಭ ಬತ್ತಿ, ಚಹಾ ಬಡವರ ಅಡುಗೆಮನೆಗೂ ಸಲೀಸಾಗಿ ಬಂದಿತು. ರ್‍ಯಾನೆಲಾ 1803ರಲ್ಲಿಯೂ ವಾಕ್ಸ್‌ಹಾಲ್ 1859ರಲ್ಲಿಯೂ ಬಾಗಿಲು ಮುಚ್ಚಿದವು.

ಉದ್ಯಾನಗಳು ಹೋದ ಮೇಲೆ ಬಂದದ್ದು ವನಭೋಜನ. ಇಸಬೆಲ್ಲಾ ಬೀಟನ್ 1861ರಲ್ಲಿ ಪ್ರಕಟಿಸಿದ ಗೃಹನಿರ್ವಹಣೆಯ ಗ್ರಂಥದಲ್ಲಿ 40 ಜನರ ವನಭೋಜನಕ್ಕೆ ಬೇಕಾದ ಪದಾರ್ಥಗಳ ಪಟ್ಟಿಯಿದೆ; ಕಾಫಿಯನ್ನು ಬಯಲಿನಲ್ಲಿ ಮಾಡುವುದು ತೊಡಕಿನ ಕೆಲಸವೆಂದು ಆಕೆ ಅದನ್ನು ಕೈಬಿಟ್ಟಿದ್ದಾಳೆ, ಕಾಫಿಯ ನಾಡಿನ ಓದುಗರಿಗೆ ಈ ತೀರ್ಪು ರುಚಿಸಲಾರದು. ಆದರೆ ಪಾತ್ರೆ, ಒಲೆ, ಆಳುಕಾಳುಗಳೊಡನೆ ಹೊರಡುವ ಈ ಊಟವನ್ನೂ ಬುತ್ತಿ ಎನ್ನಲಾಗದು, ಅದು ಸ್ಥಳ ಬದಲಿಸಿದ ಭೋಜನಶಾಲೆ ಅಷ್ಟೆ.

ಚಹಾ ದಾರಿಹೋಕರ ಚೀಲದೊಳಗೆ ಸೇರಿದ್ದು ಒಂದು ಪ್ರಯೋಗಶಾಲೆಯ ಪಾತ್ರೆಯಿಂದ. ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಡೀವರ್ ಅತಿಶೀತಲ ದ್ರವರೂಪದ ಅನಿಲಗಳು ಆವಿಯಾಗದಂತೆ ಇಡಲು 1892ರಲ್ಲಿ ಎರಡು ಪದರದ ಗಾಜಿನ ಪಾತ್ರೆಯನ್ನು ರೂಪಿಸಿ, ಪದರಗಳ ನಡುವಿನ ಗಾಳಿಯನ್ನು ಹೊರತೆಗೆದು, ಶಾಖ ದಾಟುವ ದಾರಿಯನ್ನು ಬಹುಮಟ್ಟಿಗೆ ಮುಚ್ಚಿದನು. ಅವನು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. 1904ರಲ್ಲಿ ಜರ್ಮನಿಯ ಗಾಜುಕೆಲಸದವರು ಥರ್ಮಸ್ ಎಂಬ ಹೆಸರಿನಲ್ಲಿ ಅದನ್ನು ಮಾರಾಟಕ್ಕೆ ತಂದಾಗ ಡೀವರ್ ಹೂಡಿದ ದಾವೆಯಲ್ಲಿಯೂ ಗೆಲ್ಲಲಿಲ್ಲ. ತಣ್ಣನೆಯದನ್ನು ತಣ್ಣಗಿಡಲು ಹುಟ್ಟಿದ ಪಾತ್ರೆ ಹೀಗೆ ಬಿಸಿ ಚಹಾದ ಫ್ಲಾಸ್ಕಾಯಿತು.

ಫ್ಲಾಸ್ಕಿನ ಜೊತೆಗೆ ಚೀಲದಲ್ಲಿ ಹೋಗಬೇಕಾದ ತಿಂಡಿ ಪುಡಿಯಾಗಬಾರದು, ಒತ್ತಿದರೆ ಅಪ್ಪಚ್ಚಿಯಾಗಬಾರದು. ಈ ಅಗತ್ಯಕ್ಕೆ ಒದಗಿದ ಫ್ಲ್ಯಾಪ್‌ಜ್ಯಾಕ್ ಎಂಬುದು ಓಟ್ಸ್, ಬೆಣ್ಣೆ, ಸಕ್ಕರೆ ಮತ್ತು ಗೋಲ್ಡನ್ ಸಿರಪ್ ಕಲಸಿ, ತಟ್ಟೆಯಲ್ಲಿ ಹರಡಿ ಓವನ್ನಿನಲ್ಲಿ ಬೇಯಿಸಿ, ಕೊಬ್ಬರಿ ಮಿಠಾಯಿಯಂತೆ ತುಂಡು ಮಾಡಿದ ಬಿಲ್ಲೆ. ಶೇಕ್ಸ್‌ಪಿಯರನ ಕಾಲದಲ್ಲಿಯೇ ಬಳಕೆಯಲ್ಲಿದ್ದ ಈ ಪದಕ್ಕೆ ಆಗ ಚಪ್ಪಟೆಯಾದ ಒಂದು ಬಗೆಯ ದೋಸೆಯಂಥ ತಿನಿಸು ಎಂಬ ಅರ್ಥವಿತ್ತು, ಅಮೆರಿಕದಲ್ಲಿ ಇಂದಿಗೂ ಅದೇ ಅರ್ಥ. ಬ್ರಿಟನ್ನಿನಲ್ಲಿ ಅದು ಓಟ್ಸಿನ ಬಿಲ್ಲೆಯಾದದ್ದು 1930ರ ದಶಕದಲ್ಲಿ. ಇದರಲ್ಲಿ ಬಳಸುವ ಓಟ್ಸ್ ಆವಿಯಲ್ಲಿ ಮೆದುವಾಗಿಸಿ ಉರುಳೆಗಳ ನಡುವೆ ಚಪ್ಪಟೆಗೊಳಿಸಿದ ಕಾಳು, ಅವಲಕ್ಕಿಯ ದೂರದ ನೆಂಟ ಎನ್ನಬಹುದು.

ಬಿಲ್ಲೆಯ ಗುಟ್ಟು ಸಿರಪ್ಪಿನಲ್ಲಿದೆ. ಸ್ಕಾಟ್ಲೆಂಡಿನ ಗ್ರೀನಕ್ ಬಂದರಿನ ಉದ್ಯಮಿ ಏಬ್ರಮ್ ಲೈಲ್ ಮತ್ತು ಅವನ ಮಕ್ಕಳು ಲಂಡನ್ನಿನ ಪ್ಲೇಸ್ಟೋದಲ್ಲಿ ಕಟ್ಟಿದ ಸಕ್ಕರೆ ಕಾರ್ಖಾನೆ 1883ರಲ್ಲಿ ಕೆಲಸ ಆರಂಭಿಸಿತು. ಸಕ್ಕರೆ ಶುದ್ಧಿಗೊಳಿಸುವಾಗ ಉಳಿಯುತ್ತಿದ್ದ ಹೊಂಬಣ್ಣದ ಪಾಕವನ್ನು ಅವರು ಮೊದಲು ಮರದ ಪೀಪಾಯಿಗಳಿಂದ ಕೆಲಸಗಾರರಿಗೂ ನೆರೆಹೊರೆಯವರಿಗೂ ಮಾರುತ್ತಿದ್ದು, 1885ರಿಂದ ಡಬ್ಬಗಳಲ್ಲಿ ತುಂಬತೊಡಗಿದರು. ಈ ಪಾಕದಲ್ಲಿ ಸಕ್ಕರೆಯ ಒಂದು ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಸರಳ ಸಕ್ಕರೆಗಳಾಗಿ ಒಡೆದಿರುವುದರಿಂದ ಅದು ಸುಲಭವಾಗಿ ಹರಳುಗಟ್ಟುವುದಿಲ್ಲ. ಮಲೆನಾಡಿನ ಜೋನಿಬೆಲ್ಲವನ್ನು ಕಂಡವರಿಗೆ ಅದರ ಹರಿವು ಅಪರಿಚಿತವಲ್ಲ. ಚಿಕ್ಕಿಯ ಪಾಕವನ್ನು ಗಟ್ಟಿಯಾಗಿ ಮುರಿಯುವ ಹದಕ್ಕೆ ಕಾಯಿಸಿದರೆ, ಇಲ್ಲಿ ಬೆಣ್ಣೆ ಬೆರೆತ ಪಾಕ ಮೆತ್ತಗೇ ಉಳಿದು ಕಾಳುಗಳನ್ನು ಹಿಡಿದಿಡುತ್ತದೆ.

ಈ ಬಿಲ್ಲೆ ರೂಪುಗೊಂಡ ದಶಕ ಕಾರ್ಮಿಕರು ರಜಾದಿನಗಳಲ್ಲಿ ಬೆಟ್ಟಗಳತ್ತ ನಡೆದ ದಶಕವೂ ಹೌದು. 1932ರ ಏಪ್ರಿಲ್ 24ರಂದು ಡರ್ಬಿಶೈರಿನ ಕಿಂಡರ್ ಸ್ಕೌಟ್ ಬೆಟ್ಟದ ಮೇಲೆ, ಭೂಮಾಲೀಕರು ಬೇಟೆಗೆಂದು ಮುಚ್ಚಿಟ್ಟಿದ್ದ ನೆಲಕ್ಕೆ ನೂರಾರು ಜನ ನುಗ್ಗಿ ನಡೆದರು, ಅವರಲ್ಲಿ ಐವರು ಸೆರೆಮನೆಗೆ ಹೋದರು. ಒಂದು ಕಾಲದಲ್ಲಿ ಬಯಲಿನ ಚಹಾಕ್ಕೆ ಅರ್ಧ ಕ್ರೌನ್ ತೆರಬೇಕಿತ್ತು. ಫ್ಲಾಸ್ಕು ಚೀಲಕ್ಕೆ ಬಂದ ಮೇಲೆ ಉಳಿದ ತಕರಾರು ಕುಳಿತುಕೊಳ್ಳುವ ನೆಲದ್ದು. ಬಳಿಕ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ, 1940ರಿಂದ, ಚಹಾಕ್ಕೂ ಪಡಿತರ ಬಂದು ಮೊದಲಿಗೆ ತಲೆಗೆ ವಾರಕ್ಕೆ ಎರಡು ಔನ್ಸ್, ಎಂದರೆ ಸುಮಾರು 57 ಗ್ರಾಂ ಸೊಪ್ಪು ಸಿಗುವಂತಾಯಿತು, ಆ ಕಟ್ಟಳೆ 1952ರವರೆಗೂ ಮುಂದುವರಿಯಿತು.

ಮುಂದೆ ತಿಂಡಿಯ ಕುಲಗೋತ್ರವನ್ನು ವಿಚಾರಿಸಿದ್ದು ತೆರಿಗೆ ಇಲಾಖೆ. 1973ರಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದ ಮೌಲ್ಯವರ್ಧಿತ ತೆರಿಗೆ ಕೇಕಿಗೆ ಶೂನ್ಯ ದರವನ್ನೂ ಮಿಠಾಯಿಗೆ ಪೂರ್ಣ ದರವನ್ನೂ ಗೊತ್ತುಪಡಿಸಿರುವುದರಿಂದ, ಅಂಗಡಿಯಲ್ಲಿ ಮಾರುವ ಸಾಂಪ್ರದಾಯಿಕ ಫ್ಲ್ಯಾಪ್‌ಜ್ಯಾಕ್ ಕೇಕಿನ ಪಂಕ್ತಿಯಲ್ಲಿ ಕುಳಿತು ತೆರಿಗೆ ತಪ್ಪಿಸಿಕೊಂಡಿದೆ. ಅದೇ ಓಟ್ಸಿನಿಂದ ಮಾಡಿದ ಸೀರಿಯಲ್ ಬಾರ್ ಮಿಠಾಯಿಯೆಂದು ಎಣಿಸಲ್ಪಟ್ಟು ತೆರಿಗೆ ಕಟ್ಟುತ್ತಿದೆ.