ಜಗಲಿ ಶಾಲೆಯಿಂದ ಉಚಿತ ಶಾಲೆಯವರೆಗೆ: ನಮ್ಮ ಸೀಮೆಯ ಓದಿನ ಕಥೆ



ಪ್ರತಿ ಜೂನ್ ತಿಂಗಳಲ್ಲಿ ನಮ್ಮ ಯುವಜನರ ಸಭೆಯಲ್ಲಿ ಎರಡು ಮಾತು ಬಂದೇ ಬರುತ್ತವೆ. ಮೊದಲನೆಯದು ಫೀಸಿನ ಚಿಂತೆ. ಎರಡನೆಯದು, ಮಕ್ಕಳು ಮಾರ್ಕ್ಸ್ ತರುತ್ತಾರೆ, ಆದರೆ ಒಂದು ಒಳ್ಳೆಯ ಪುಸ್ತಕ ಹಿಡಿದು ಓದುವುದಿಲ್ಲ ಎಂಬ ಬೇಸರ. ಹಣವಿಲ್ಲದವರಿಗೂ ಸಿಗಬೇಕು, ಸಿಗುವ ಓದು ಗಟ್ಟಿಯಾಗಿಯೂ ಇರಬೇಕು. ಈ ಆಸೆ ನಮ್ಮ ಕಾಲದ್ದು ಮಾತ್ರವಲ್ಲ. ಇದಕ್ಕೆ ಇನ್ನೂರು ವರ್ಷ ಮೀರಿದ ಇತಿಹಾಸವಿದೆ, ಅದರ ಒಂದು ಎಳೆ ನಮ್ಮ ಸೇಲಂ, ಧರ್ಮಪುರಿ ಸೀಮೆಯಲ್ಲೇ ಇದೆ.

ಮೊದಲು ದೂರದ ಒಂದು ಉದಾಹರಣೆ. ಅಮೆರಿಕದಲ್ಲಿ 'ಚಾರ್ಟರ್ ಶಾಲೆ' ಎಂಬ ಬಗೆಯ ಶಾಲೆಗಳಿವೆ. ಮಿನ್ನೆಸೋಟ ರಾಜ್ಯ 1991ರಲ್ಲಿ ಇದಕ್ಕೆ ಕಾನೂನು ಮಾಡಿತು, ಮರುವರ್ಷ ಮೊದಲ ಶಾಲೆ ಶುರುವಾಯಿತು. ಚಾರ್ಟರ್ ಎಂದರೆ ನಮ್ಮ ಹಳೆಯ ಮಾತಿನಲ್ಲಿ ಸನದು. ಸರ್ಕಾರ ಹಣ ಕೊಡುತ್ತದೆ, ಮಕ್ಕಳಿಗೆ ಫೀಸಿಲ್ಲ, ನಡೆಸುವವರು ಬೇರೆ. ಇಂಥ ಕೆಲವು ಶಾಲೆಗಳು ಶಾಸ್ತ್ರೀಯ ಶಿಕ್ಷಣವನ್ನು ಆರಿಸಿಕೊಂಡಿವೆ. ಲ್ಯಾಟಿನ್ ಭಾಷೆ, ಹಳೆಯ ಕಾವ್ಯ, ಇತಿಹಾಸಗಳ ಜೊತೆಗೆ ವ್ಯಾಕರಣ, ತರ್ಕ, ವಾಕ್ಪಟುತ್ವ ಎಂಬ ಮೂರು ಮೆಟ್ಟಿಲುಗಳ ಓದು ಅಲ್ಲಿಯದು. ಒಂದು ಕಾಲದಲ್ಲಿ ಸಿರಿವಂತರ ಮಕ್ಕಳಿಗೆ ಮೀಸಲಾಗಿದ್ದ ಓದನ್ನು ಫೀಸಿಲ್ಲದೆ ಕೊಡುವ ಪ್ರಯತ್ನ ಅದು.

ನಮ್ಮಲ್ಲಿ ಕಥೆ ಬೇರೆ ರೀತಿ ನಡೆಯಿತು. ಶಾಸ್ತ್ರೀಯ ಓದು ನಮ್ಮ ಹಳ್ಳಿಗಳ ಜಗಲಿಯ ಮೇಲೇ ಇತ್ತು. ಜಗಲಿ ಹತ್ತಲು ಆಗದ ಮಕ್ಕಳು ಬಹಳ ಮಂದಿ ಇದ್ದರು.

ಲೆಕ್ಕ ಕೇಳಿದ ಗವರ್ನರ್

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನರು ಬಾರಾಮಹಲ್ ಮತ್ತು ಸೇಲಂ ಪ್ರದೇಶಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡಬೇಕಾಯಿತು. ಇಂದಿನ ಧರ್ಮಪುರಿ, ಕೃಷ್ಣಗಿರಿ ಬಾರಾಮಹಲ್ಲಿನ ಭಾಗ. ಕಂದಾಯದ ವ್ಯವಸ್ಥೆ ಮಾಡಲು ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಬಂದರು. ಅವರ ಸಹಾಯಕರಲ್ಲಿ ಒಬ್ಬರು ಥಾಮಸ್ ಮನ್ರೋ. ಮನ್ರೋ 1799ರವರೆಗೆ ಏಳು ವರ್ಷ ಇಲ್ಲಿ ಹಳ್ಳಿ ಹಳ್ಳಿ ಸುತ್ತಿ ಹೊಲ ಅಳೆಸಿದರು, ರೈತರ ಮಾತು ಕೇಳಿದರು.

ಅದೇ ಮನ್ರೋ 1820ರಲ್ಲಿ ಮದ್ರಾಸ್ ಗವರ್ನರ್ ಆದರು. 1822ರ ಜೂನ್ ತಿಂಗಳಲ್ಲಿ ಅವರು ಒಂದು ಹೊಸ ಲೆಕ್ಕ ಕೇಳಿದರು. ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ, ಯಾವ ಜಾತಿಯವರು, ಯಾವ ಪುಸ್ತಕಗಳು, ಫೀಸು ಎಷ್ಟು? ಹೊಲದ ಲೆಕ್ಕ ಸರ್ಕಾರದ ಬಳಿ ಇತ್ತು, ಓದಿನ ಲೆಕ್ಕ ಇರಲಿಲ್ಲ.

ಉತ್ತರಗಳು ಬಂದು ಸೇರಲು ಬಹಳ ಸಮಯ ಹಿಡಿಯಿತು. 1826ರ ಮಾರ್ಚ್ 10ರ ಟಿಪ್ಪಣಿಯಲ್ಲಿ ಮನ್ರೋ ಮೊತ್ತ ಬರೆದರು. ಇಡೀ ಪ್ರಾಂತ್ಯದಲ್ಲಿ 12,498 ಶಾಲೆಗಳು, ಜನಸಂಖ್ಯೆ 1,28,50,941. ಅಂದರೆ ಸುಮಾರು ಸಾವಿರ ಜನಕ್ಕೆ ಒಂದು ಶಾಲೆ. ಐದರಿಂದ ಹತ್ತು ವರ್ಷದ ಗಂಡುಮಕ್ಕಳಲ್ಲಿ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಶಾಲೆಯಲ್ಲಿದ್ದರು. ಮನೆಯಲ್ಲೇ ಕಲಿಯುವವರನ್ನು ಸೇರಿಸಿದರೆ ಮೂರರಲ್ಲಿ ಒಂದು ಭಾಗದ ಹತ್ತಿರ ಬರುತ್ತದೆ ಎಂದು ಅವರ ಅಂದಾಜು. ಆ ಕಾಲದ ಯುರೋಪಿನ ಹಲವು ದೇಶಗಳಲ್ಲಿ ಸ್ವಲ್ಪ ಹಿಂದಿನವರೆಗೆ ಇದ್ದದ್ದಕ್ಕಿಂತ ಇದು ಮೇಲು ಎಂದೂ ಅವರು ಹೇಳಿದರು.

ಬಳ್ಳಾರಿಯ ವರದಿ

ಬಂದ ವರದಿಗಳಲ್ಲಿ ಕನ್ನಡದವರಾದ ನಾವು ಓದಲೇಬೇಕಾದದ್ದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಬರೆದದ್ದು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಜಿಲ್ಲೆಯಲ್ಲಿ 533 ಶಾಲೆಗಳು: ಕನ್ನಡ 235, ತೆಲುಗು 226, ಮರಾಠಿ 23, ಸಂಸ್ಕೃತ 23, ಪಾರ್ಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು.

ಮಗುವಿಗೆ ಐದು ವರ್ಷವಾದಾಗ ಅಕ್ಷರಾಭ್ಯಾಸ. ಮೊದಲು ಮರಳಿನ ಮೇಲೆ ಬೆರಳಿನಿಂದ ಬರೆಯುವುದು. ಆಮೇಲೆ 'ಕಡತ'. ಬಟ್ಟೆಗೆ ಗಂಜಿ, ಇದ್ದಿಲು ಸವರಿ ಒಣಗಿಸಿ ಮಾಡಿದ ಕಪ್ಪು ಹಾಳೆಯದು. ಬಳಪದಿಂದ ಬರೆದು ಒರೆಸಿ ಮತ್ತೆ ಬರೆಯಬಹುದಿತ್ತು. ಇವತ್ತು ಸರ್ಕಾರಿ ಕಚೇರಿಯ ಫೈಲಿಗೆ ಕಡತ ಎನ್ನುತ್ತೇವಲ್ಲ, ಅದೇ ಪದ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುತ್ತಿದ್ದರು, ಮೇಷ್ಟ್ರು ಎಲ್ಲರನ್ನೂ ನೋಡಿಕೊಳ್ಳುತ್ತಿದ್ದರು.

ಓದಿನ ಪುಸ್ತಕಗಳು ನಿಜಕ್ಕೂ ಶಾಸ್ತ್ರೀಯ: ರಾಮಾಯಣ, ಮಹಾಭಾರತ, ಭಾಗವತ, ಪಂಚತಂತ್ರ, ನಿಘಂಟು, ಅಮರಕೋಶ. ಕನ್ನಡದ ಹಳೆಯ ವ್ಯಾಕರಣವಾದ ಕೇಶಿರಾಜನ ಶಬ್ದಮಣಿದರ್ಪಣವೂ ಪಟ್ಟಿಯಲ್ಲಿತ್ತು. ಹದಿಮೂರನೇ ಶತಮಾನದ ಆ ಪುಸ್ತಕವನ್ನು ಇಂದು ಕನ್ನಡ ಎಂ.ಎ. ಓದುವವರು ಓದುತ್ತಾರೆ.

ಹಾಗಾದರೆ ಅದೊಂದು ಸುವರ್ಣಯುಗವೇ? ವರದಿಯನ್ನು ಪೂರ್ತಿ ಓದಿದರೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಮಕ್ಕಳು ಪದ್ಯಗಳನ್ನು ಸೊಗಸಾಗಿ ಒಪ್ಪಿಸುತ್ತಿದ್ದರು, ಅರ್ಥ ತಿಳಿಯುತ್ತಿರಲಿಲ್ಲ ಎಂಬುದು ಕ್ಯಾಂಬೆಲ್ಲರ ದೂರು. ಕಾವ್ಯದ ಭಾಷೆಗೂ ಮನೆಯ ಮಾತಿಗೂ ಬಹಳ ಅಂತರವಿತ್ತು, ವಿವರಿಸುವ ಶಕ್ತಿ ಹಲವು ಮೇಷ್ಟ್ರುಗಳಿಗೂ ಇರಲಿಲ್ಲ. ನಾವು ಗಿಳಿಪಾಠ ಎನ್ನುವುದು ಇದನ್ನೇ. ಮೂರು ಮೆಟ್ಟಿಲುಗಳಲ್ಲಿ ಹೆಚ್ಚಿನವರು ಮೊದಲನೆಯದರಲ್ಲೇ ನಿಂತರು.

ಇನ್ನು ಲೆಕ್ಕ. ಬಿ.ಎಸ್ಸಿ. ಓದಿದವರಿಗೆ ಅಂಕಿ ಕಂಡರೆ ಭಾಗಾಕಾರ ಮಾಡದೆ ಇರಲಾಗುವುದಿಲ್ಲ! ಬಳ್ಳಾರಿಯ ಜನಸಂಖ್ಯೆ 9,27,857, ಶಾಲೆಯಲ್ಲಿದ್ದವರು 6,641. ಅಂದರೆ ಸುಮಾರು 140 ಜನಕ್ಕೆ ಒಬ್ಬರು, ಒಂದು ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳು. ಆ 6,641ರಲ್ಲಿ ಹುಡುಗಿಯರು ಕೇವಲ 60, ನೂರಕ್ಕೆ ಒಬ್ಬಳೂ ಇಲ್ಲ. ದಲಿತ ಮಕ್ಕಳಿಗಂತೂ ಬಹುಪಾಲು ಜಗಲಿಗಳು ಹತ್ತಲಾಗದ ಎತ್ತರ. ಸಂಸ್ಕೃತದಲ್ಲಿ ತರ್ಕ, ಧರ್ಮಶಾಸ್ತ್ರ, ಜ್ಯೋತಿಷ ಕಲಿಸುವ 23 ಕಡೆ ಪಾಠ ಉಚಿತವಾಗಿತ್ತು, ಆದರೆ ಅದು ಬ್ರಾಹ್ಮಣ ಹುಡುಗರಿಗೆ. ಫೀಸಿಲ್ಲ ಎನ್ನುವುದು ಎಲ್ಲರಿಗೂ ಎನ್ನುವ ಅರ್ಥ ಕೊಡಲಿಲ್ಲ.

ಮಗ್ಗ ನಿಂತಾಗ ಓದು ನಿಂತಿತು

ಕ್ಯಾಂಬೆಲ್ ಇನ್ನೊಂದು ಕಾರಣ ಹೇಳುತ್ತಾರೆ. ಅದು ಮಗ್ಗದ ಊರಾದ ತಾರಮಂಗಲಂ ಕಡೆಯವರ ಮನಸ್ಸಿಗೆ ತಟ್ಟಬೇಕು. ಹಿಂದೆ ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಆಗ ಶಾಲೆ ಇರಲಿಲ್ಲ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಕಾರರ ಗಳಿಕೆ ಕುಸಿದಿತ್ತು. ಹೊಟ್ಟೆಗೇ ಸಾಲದ ಮನೆಯವರು ಮಗುವನ್ನು ಶಾಲೆಯಿಂದ ಬಿಡಿಸಿ, ಕೈಕಾಲು ಗಟ್ಟಿಯಾಗುವ ಮೊದಲೇ ಕೆಲಸಕ್ಕೆ ಹಚ್ಚುತ್ತಿದ್ದರು. 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ ಎಂದು ಕಲೆಕ್ಟರರೇ ನಾಚಿಕೆಯಿಂದ ಬರೆದರು.

ಮಗ್ಗದ ಮನೆಯಲ್ಲಿ ಮಗುವಿನ ಕೈ ಎಂದರೆ ಏನು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನೂಲು ಸುತ್ತಲು, ಎಳೆ ಹಿಡಿಯಲು ಒಂದು ಜೊತೆ ಕೈ ಹೆಚ್ಚಿದ್ದರೆ ಸೀರೆ ಬೇಗ ಇಳಿಯುತ್ತದೆ. ಫೀಸು ಸೊನ್ನೆಯಾದರೂ ಆ ಕೈಯ ಬೆಲೆ ಸೊನ್ನೆಯಾಗುವುದಿಲ್ಲ. ಇನ್ನೂರು ವರ್ಷದ ಹಿಂದಿನ ಆ ವರದಿಯ ದೊಡ್ಡ ಪಾಠ ಇದೇ ಎಂದು ನಮಗೆ ಅನ್ನಿಸುತ್ತದೆ.

ಮನ್ರೋ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಮಗುವೊಂದಕ್ಕೆ ತಿಂಗಳಿಗೆ ನಾಲ್ಕು, ಆರು, ಎಂಟು ಆಣೆ ಫೀಸು. ಮೇಷ್ಟ್ರ ಸಂಪಾದನೆ ತಿಂಗಳಿಗೆ ಆರೇಳು ರೂಪಾಯಿ ದಾಟುತ್ತಿರಲಿಲ್ಲ. ಅಷ್ಟಕ್ಕೆ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ. ಅದಕ್ಕೆ ಪ್ರತಿ ತಾಲ್ಲೂಕಿಗೊಂದು ಶಾಲೆ ತೆರೆದು, ಮೇಷ್ಟ್ರಿಗೆ ತಿಂಗಳಿಗೆ 9 ರೂಪಾಯಿ ಸರ್ಕಾರದಿಂದಲೇ ಕೊಡೋಣ ಎಂದು ಅವರು ಸೂಚಿಸಿದರು. ಆದರೆ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ತಗುಲಿ ಅವರು ತೀರಿಕೊಂಡರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಯೋಜನೆಯೂ ಮುಚ್ಚಿಹೋಯಿತು.

ಸಭೆಗಳು ಮಾಡಿದ್ದು

ಈ ಕಥೆಯಲ್ಲಿ ಕ್ರೈಸ್ತರ ಪಾಲೂ ಇದೆ. 1789ರಲ್ಲಿ ಮದ್ರಾಸಿನ ಎಗ್ಮೋರಿನ ಅನಾಥ ಹುಡುಗರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಗ್ಲಿಕನ್ ಗುರು ಆಂಡ್ರ್ಯೂ ಬೆಲ್, ನಮ್ಮವರ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡರು. ತಮ್ಮ ಶಾಲೆಯಲ್ಲೂ ಹಾಗೆ ಮಾಡಿಸಲು ಹೋದರೆ ಮೇಷ್ಟ್ರುಗಳು ಒಪ್ಪಲಿಲ್ಲ. ಆಗ ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನಿಗೇ ಚಿಕ್ಕವರ ತರಗತಿ ಒಪ್ಪಿಸಿದರು. ಹುಡುಗ ಗೆದ್ದ. ಬೆಲ್ 1797ರಲ್ಲಿ ಪುಸ್ತಕ ಬರೆದರು, 'ಮದ್ರಾಸ್ ಪದ್ಧತಿ' ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಬಡಮಕ್ಕಳ ಸಾವಿರಾರು ಶಾಲೆಗಳಿಗೆ ಹೋಯಿತು. ನಮ್ಮ ಜಗಲಿಯ ಉಪಾಯ ಅಲ್ಲಿನ ಬಡವರಿಗೆ ಒದಗಿತು.

ಸೇಲಂನಲ್ಲಿ 1827ರಲ್ಲಿ ಲಂಡನ್ ಮಿಷನರಿ ಸೊಸೈಟಿ ಕೆಲಸ ಶುರುಮಾಡಿತು. ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್ ಬಂತು. ಹೆಣ್ಣುಮಕ್ಕಳಿಗೂ ಕೆಳಗಿನವರೆಂದು ದೂರವಿಟ್ಟವರ ಮಕ್ಕಳಿಗೂ ಶಾಲೆ ತೆರೆದವರಲ್ಲಿ ಮಿಷನ್‌ಗಳು ಮುಂದಿದ್ದವು. ಹಳೆಯ ಓದನ್ನು ಅವರೆಲ್ಲರೂ ಬದಿಗೆ ತಳ್ಳಲಿಲ್ಲ. ಬಳ್ಳಾರಿಯ ಪಟ್ಟಿಯಲ್ಲಿದ್ದ ಅದೇ ಶಬ್ದಮಣಿದರ್ಪಣವನ್ನು ಫರ್ಡಿನಾಂಡ್ ಕಿಟ್ಟೆಲ್ ಸಂಪಾದಿಸಿ 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಓಲೆಗರಿಯಲ್ಲಿದ್ದದ್ದು ಎಲ್ಲರೂ ಕೊಳ್ಳಬಹುದಾದ ಪುಸ್ತಕವಾಯಿತು.

1854ರ ವುಡ್ ಅವರ ಶಿಕ್ಷಣ ಪತ್ರದ ನಂತರ ಅನುದಾನದ ಪದ್ಧತಿ ಬಂತು. ಸಂಸ್ಥೆ ಶಾಲೆ ನಡೆಸುತ್ತದೆ, ಸರ್ಕಾರ ಹಣ ಕೊಡುತ್ತದೆ, ತಪಾಸಣೆ ಮಾಡುತ್ತದೆ. ನಮ್ಮ ಅನುದಾನಿತ ಶಾಲೆಗಳು ಹುಟ್ಟಿದ್ದು ಹೀಗೆ. ಅಮೆರಿಕದ ಚಾರ್ಟರ್ ಶಾಲೆಗೆ ಹತ್ತಿರವಾದದ್ದು ನಮ್ಮಲ್ಲಿ ಇದೇ, ನೂರೈವತ್ತು ವರ್ಷಕ್ಕೂ ಹಳೆಯದು. ಮುಂದೆ ಕಾಮರಾಜರ ಕಾಲದಲ್ಲಿ ಮಧ್ಯಾಹ್ನದ ಊಟ ಬಂತು. ಹಸಿವಿಗೂ ಓದಿಗೂ ಇರುವ ನಂಟನ್ನು ಸರ್ಕಾರ ಕೊನೆಗೂ ಒಪ್ಪಿಕೊಂಡಂತಾಯಿತು. 2010ರ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕು ವರ್ಷದವರಿಗೆ ಉಚಿತ ಶಿಕ್ಷಣ ಕಾನೂನಿನ ಹಕ್ಕು.

ನಮಗೆ ಉಳಿದಿರುವ ಕೆಲಸ

ಇಂದು ನಮ್ಮ ಸೀಮೆಯಲ್ಲಿ ಶಾಲೆ ಇದೆ, ಊಟ ಇದೆ, ಹುಡುಗಿಯರು ಮುಂದಿನ ಬೆಂಚಿನಲ್ಲೇ ಇದ್ದಾರೆ. ಇದು ಸಣ್ಣ ಗೆಲುವಲ್ಲ. ಆದರೆ ಇನ್ನೊಂದು ತುದಿಯಲ್ಲಿ ಕಳೆದುಕೊಂಡದ್ದೂ ಇದೆ. ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿತು. ಸೇಲಂ ಕಡೆಯ ಎಷ್ಟೋ ನೇಕಾರರ ಮನೆಗಳಲ್ಲಿ ಅಜ್ಜಿ, ಅವ್ವ, ಮಕ್ಕಳು ಆಡುವುದು ಕನ್ನಡವೇ. ಓದಲು, ಬರೆಯಲು ಮಾತ್ರ ಬಾರದು. ಶಾಲೆಯಲ್ಲಿ ತಮಿಳು, ಇಂಗ್ಲಿಷ್. ಅದು ಬೇಕು, ನಾವು ಬದುಕುವ ನಾಡಿನ ಭಾಷೆಯೂ ಶಾಸ್ತ್ರೀಯವೇ, ಅದರ ಮೇಲೆ ನಮಗೇನೂ ಮುನಿಸಿಲ್ಲ. ಆದರೆ ಅಂದಿನ ಮಗು ಪದ್ಯ ಒಪ್ಪಿಸುತ್ತಿತ್ತು, ಅರ್ಥ ತಿಳಿಯುತ್ತಿರಲಿಲ್ಲ. ಇಂದಿನ ಮಗುವಿಗೆ ಮಾತು ಅರ್ಥವಾಗುತ್ತದೆ, ಅಕ್ಷರ ತಿಳಿಯದು.

ಇದಕ್ಕೆ ಯಾವ ಸನದೂ ಬೇಕಿಲ್ಲ. ಭಾನುವಾರದ ಪೂಜೆ ಮುಗಿದ ಮೇಲೆ ಒಂದು ಗಂಟೆ ಸಾಕು. ದೊಡ್ಡವರು ಚಿಕ್ಕವರಿಗೆ ಕಲಿಸುವುದು ನಮ್ಮದೇ ಜಗಲಿಯ ಪದ್ಧತಿ, ಅದರಲ್ಲಿ ಎಂಟು ವರ್ಷದ ಹುಡುಗನೂ ಮೇಷ್ಟ್ರಾಗಬಹುದು. ಮೊದಲ ತಿಂಗಳು ಅಕ್ಷರ. ಆಮೇಲೆ ಒಂದು ಗಾದೆ, ಒಂದು ಕಥೆ, ಒಂದು ಹಳೆಯ ಪದ್ಯ. ಪದ್ಯವನ್ನು ಬಾಯಿಪಾಠ ಮಾಡಿಸಿದ ದಿನವೇ ಅದರ ಅರ್ಥವನ್ನೂ ಮಗುವಿನ ಬಾಯಿಂದಲೇ ಹೇಳಿಸಬೇಕು. ಯಾವ ಮನೆಯ ಮಗು ಎರಡು ವಾರ ಬರಲಿಲ್ಲವೋ ಆ ಮನೆಗೆ ಹೋಗಿ, ಮಗ್ಗದ ಕೆಲಸಕ್ಕೆ ಅಡ್ಡಿಯಾಗದ ಹೊತ್ತು ಯಾವುದು ಎಂದು ಅವರನ್ನೇ ಕೇಳಬೇಕು. ಬಾಗಿಲು ತೆರೆದಿಟ್ಟು ಕುಳಿತರೆ ಸಾಲದು ಎಂದು ಬಳ್ಳಾರಿಯ ಅಂಕಿಗಳು ಹೇಳುತ್ತಿವೆ.

ಕಲಿಸಲು ಬರುವ ಯುವಕ ಯುವತಿಯರು ಬರುವ ಭಾನುವಾರ ಹೆಸರು ಕೊಡಿ. ಅಪ್ಪ ಅಮ್ಮಂದಿರೇ, ಮಕ್ಕಳ ಜೊತೆ ನೀವೂ ಕುಳಿತು ಕಲಿಯಬಹುದು. ಬಳಪ, ಸ್ಲೇಟು ನಾವು ತರುತ್ತೇವೆ.